ಹಾಜಿ ಕೇಳಿದ ಕಪ್ಪು ಮರ

ಅಮ್ಮಾನಿಗೆ ಹತ್ತಿರದ ನಮ್ಮ ಸಲ್ತ್ ಊರಿನಲ್ಲಿ ಸಲ್ಲೂಮನಷ್ಟು ಜಂಬದ ಮನುಷ್ಯ ಇನ್ನೊಬ್ಬ ಇರಲಿಲ್ಲ. ಇದನ್ನು ಬೆನ್ನ ಹಿಂದೆ ಆಡುತ್ತಿದ್ದೇನೆ ಅಂದುಕೊಳ್ಳಬೇಡಿ. ಇಪ್ಪತ್ತೆಂಟು ವರ್ಷ ಅವನ ಪಕ್ಕದ ಅಂಗಡಿಯಲ್ಲಿ ಕಾಫಿ ಬೀಜ ಹುರಿದವನು ನಾನು. ಅವನ ಮುಖಕ್ಕೇ ನೂರು ಸಲ ಹೇಳಿದ್ದೇನೆ. ಅವನ ಉತ್ತರವೂ ನೂರು ಸಲ ಒಂದೇ.

“ಜಂಬ ಅಲ್ಲ ಕಣಯ್ಯಾ ಅಬೂ ಸುಹೈಲ್. ಗೊತ್ತಿರೋದನ್ನ ಗೊತ್ತು ಅಂತೀನಿ. ನಿನಗೆ ಏನೂ ಗೊತ್ತಿಲ್ಲ, ಅದಕ್ಕೇ ನೀನು ವಿನಯವಂತ.”

ಸಲ್ಲೂಮನದು ಕಡಸಲು ಕೆಲಸ. ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅದು ತಿರುಗುವಾಗ ಉಳಿ ಹಿಡಿದು ಕಡೆಯುವುದು. ತೊಟ್ಟಿಲ ಕಾಲು, ಲಟ್ಟಣಿಗೆ, ಕುರ್ಚಿಯ ಕಂಬಿ ಎಲ್ಲ ಮಾಡುತ್ತಿದ್ದ, ಆದರೆ ಹೆಸರು ಬಂದದ್ದು ಕಾಫಿ ಒರಳಿನಿಂದ. ನಮ್ಮ ಕಡೆ ಕಾಫಿ ಒರಳೆಂದರೆ ಬೀಜ ಪುಡಿ ಮಾಡುವ ಸಾಮಾನು ಮಾತ್ರ ಅಲ್ಲ. ಕುಟ್ಟುವವನು ಮರದ ಒನಕೆಯಿಂದ ತಳಕ್ಕೊಂದು, ಅಂಚಿಗೆ ಎರಡು ಪೆಟ್ಟು ಹಾಕುತ್ತ ತಾಳ ಕಟ್ಟುತ್ತಾನೆ. ಎದುರು ಗುಡ್ಡದವರಿಗೆ ಅದು ಕೇಳಿದರೆ ಕರೆ ಕಳಿಸಿದ ಹಾಗೆ. ಹೆಸರು ಹಿಡಿದು ಕರೆಯಬೇಕಾಗಿಲ್ಲ, ಬಂದವರನ್ನು ಯಾಕೆ ಬಂದೆ ಎಂದು ಕೇಳುವ ಹಾಗೂ ಇಲ್ಲ. ಒರಳಿಗೆ ದನಿ ಇಲ್ಲದ ಮನೆಯ ಯಜಮಾನನನ್ನು ಜನ ಜಿಪುಣ ಎಂದೇ ಲೆಕ್ಕ ಹಾಕುತ್ತಾರೆ, ಪಾಪ, ಅವನು ವಾರಕ್ಕೊಂದು ಕುರಿ ಕೊಯ್ದು ಬಡಿಸಿದರೂ.

ಹಾಗಾಗಿ ಒರಳಿಗೆ ಮರ ಆರಿಸುವುದೇ ಅರ್ಧ ಕೆಲಸ. ಸಲ್ಲೂಮ್ ಮರ ಆರಿಸುವಾಗ ಬೀದಿಯವರು ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದ ಕಾಲವೊಂದಿತ್ತು. ಅಂಗಳದಲ್ಲಿ ಅಕ್ರೋಟು, ಓಕ್, ಬೆಟ್ಟದ ಕಾಡು ಪಿಸ್ತಾ ಎಲ್ಲದರ ದಿಮ್ಮಿಗಳು ಸಾಲಾಗಿ ಮಲಗಿರುತ್ತಿದ್ದವು. ಅವನು ಒಂದೊಂದಕ್ಕೂ ಕಿವಿ ಇಟ್ಟು, ಬೆರಳ ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಿದ್ದ. “ಇದಕ್ಕೆ ನೆಗಡಿ” ಎನ್ನುತ್ತಿದ್ದ. “ಇದು ಅತ್ತೆ ಮನೇಲಿರೋ ಸೊಸೆ, ಬಾಯೇ ಬಿಡಲ್ಲ” ಎನ್ನುತ್ತಿದ್ದ. ಕೊನೆಗೆ ಒಂದರ ಮೇಲೆ ಅಂಗೈ ಬಡಿದು, “ಇವನು ಗಾಯಕ!” ಎಂದರೆ ಮುಗಿಯಿತು, ಆ ಮಾತಿಗೆ ತಿದ್ದುಪಡಿ ಇರಲಿಲ್ಲ. ನಾನು ಕಂಡ ಹಾಗೆ ಒಂದು ಸಲವೂ ಅದು ಸುಳ್ಳಾಗಲಿಲ್ಲ, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ.

ಆಮೇಲೆ ನಮ್ಮ ಬೀದಿಗೆ ಕರೆಂಟು ಬಂತು. ಅವನ ಅಪ್ಪನ ಕಾಲದ ಕಾಲುತುಳಿಯ ಲೇತನ್ನು ಮೂಲೆಗೆ ತಳ್ಳಿ, ಅಮ್ಮಾನಿನ ಗುಜರಿಯಿಂದ ಮೋಟಾರಿನ ಲೇತು ತಂದ. ಅದು ಕೆಲಸ ಮಾಡುತ್ತಿರಲಿಲ್ಲ, ಊಳಿಡುತ್ತಿತ್ತು. ಗೋಡೆಯ ಈಚೆ ಕುಳಿತ ನನ್ನ ಬೀಜದ ತಟ್ಟೆಗಳೇ ಅದುರುತ್ತಿದ್ದವು. ತಂದ ದಿನವೇ ಹೇಳಿದೆ, “ಸಲ್ಲೂಮ್, ಈ ಭೂತ ನಿನ್ನ ಕಿವಿ ತಿನ್ನುತ್ತೆ ನೋಡು.” ಅವನು ನಕ್ಕ. ಇಪ್ಪತ್ತು ವರ್ಷ ನಕ್ಕ. ಭೂತ ಅವಸರ ಮಾಡಲಿಲ್ಲ, ಸ್ವಲ್ಪ ಸ್ವಲ್ಪವೇ ತಿಂದಿತು.

ನನಗೆ ಗೊತ್ತಾದದ್ದು ಒಂದು ಚಳಿಗಾಲದ ಬೆಳಿಗ್ಗೆ. ನನ್ನ ಹುರಿಯುವ ಪೀಪಾಯಿ ಕೊಂಡಿ ಕಳಚಿ ಕಲ್ಲಿನ ನೆಲಕ್ಕೆ ಬಿತ್ತು. ಬೀದಿ ತುದಿಯ ಕ್ಷೌರಿಕ ಕತ್ತಿ ಹಿಡಿದುಕೊಂಡೇ ಓಡಿ ಬಂದ. ಸಲ್ಲೂಮ್ ನನ್ನ ಬಾಗಿಲ ಮುಂದೆಯೇ ಬೆನ್ನು ಮಾಡಿ ಕುಳಿತು ಉಳಿ ಮಸೆಯುತ್ತಿದ್ದ, ತಿರುಗಿ ಸಹ ನೋಡಲಿಲ್ಲ. ನನಗೆ ಅನುಮಾನ ಬಂತು. ಅವನ ಬೆನ್ನ ಹಿಂದೆ ನಿಂತು, ಅವನ ಕತ್ತೆ ಅವನಿಗಿಂತ ಲಕ್ಷಣವಾಗಿದೆ ಎಂದೆ. ಸುಮ್ಮನಿದ್ದ. ಅವನು ಕಡೆದ ಒರಳು ಬೆಕ್ಕಿಗೆ ಹಾಲು ಹಾಕೋಕೂ ಲಾಯಕ್ಕಿಲ್ಲ ಎಂದೆ. ಅದಕ್ಕೂ ಸುಮ್ಮನಿದ್ದ. ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅವನ ಹೆಂಡತಿ ನಸ್ರಾ ಅಂಗಳದ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ನನ್ನನ್ನು ಒಳಕ್ಕೆ ಕರೆದಳು.

“ಅಣ್ಣಾ, ನಿಮ್ಮ ಮನೆ ರೊಟ್ಟಿ ನಾವು ತಿಂದಿದ್ದೀವಿ, ನಮ್ಮ ಮನೆ ಉಪ್ಪು ನೀವು ತಿಂದಿದ್ದೀರಾ. ಈ ಮಾತು ನಿಮ್ಮ ಹೊಟ್ಟೇಲೇ ಇರಬೇಕು.”

“ಯಾವಾಗಿಂದ?”

“ಎಡಗಿವಿ ಹೋಗಿ ಬಹಳ ದಿನ ಆಯ್ತು. ಬಲಗಿವಿ ಈ ಬೇಸಿಗೇಲಿ ಪೂರ್ತಿ ಹೋಯ್ತು. ಹೊರಗೆ ಗೊತ್ತಾದ್ರೆ ನಮ್ಮ ಕಥೆ ಮುಗೀತು. ದನಿ ಮಾರೋನೇ ಕಿವುಡ ಅಂದ್ರೆ ಯಾರಣ್ಣ ಕೊಳ್ತಾರೆ? ಅವರಿಗೆ ಬೇರೆ ಕಸುಬು ಬರಲ್ಲ. ಬೇರೆ ಕಸುಬಿಗೆ ಹಾಕಿದ್ರೆ ಬದುಕೋದೂ ಇಲ್ಲ.”

ನಾನು ಖಿದ್ರ್ ಸಂತನ ಮೇಲೆ ಆಣೆ ಇಟ್ಟೆ. ಸಲ್ಲೂಮನ ಮನೆಯವರು ಕ್ರೈಸ್ತರು, ನಾವು ಮುಸಲ್ಮಾನರು, ಆದರೆ ಸಲ್ತ್‌ನಲ್ಲಿ ಖಿದ್ರ್‌ನ ಆಣೆ ಎಂದರೆ ಎರಡು ಕಡೆಯವರೂ ಮುರಿಯುವುದಿಲ್ಲ.

ಅಂದಿನಿಂದ ಗಂಡ ಹೆಂಡತಿಯ ಆಟ ನನಗೆ ಅರ್ಥವಾಗತೊಡಗಿತು. ಸಲ್ಲೂಮ್ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ದೊಡ್ಡ ಮೀಸೆಯವರು ಬಂದರೆ ಅವನಿಗೆ ಅರ್ಧವೂ ಸಿಗುತ್ತಿರಲಿಲ್ಲ. ಆಗ ನಸ್ರಾ ಬಂದವರು ಹೇಳಿದ್ದನ್ನೆಲ್ಲ ಅವನ ಮುಖಕ್ಕೆ ತಿರುಗಿ ಮತ್ತೊಮ್ಮೆ ಹೇಳುತ್ತಿದ್ದಳು: “ತೊಟ್ಟಿಲಿಗೆ ನಾಲ್ಕು ಕಾಲು ಬೇಕಂತೆ, ಗುರುವಾರಕ್ಕೆ ಬೇಕಂತೆ.” ಊರಿನವರು ಅವಳಿಗೆ ಗಿಣಿ ಎಂದು ಹೆಸರಿಟ್ಟರು. ಅವಳು ಅದನ್ನೂ ನಗುತ್ತ ಸಹಿಸಿಕೊಂಡಳು.

ಮರ ಆರಿಸುವುದಕ್ಕೆ ಮಾತ್ರ ಅವನು ಯಾರ ನೆರವನ್ನೂ ಕೇಳಲಿಲ್ಲ. ಒಂದು ಗೇಣುದ್ದದ ಆಲಿವ್ ಕಡ್ಡಿಯ ಒಂದು ತುದಿಯನ್ನು ದಿಮ್ಮಿಗೆ ಊರಿ, ಇನ್ನೊಂದನ್ನು ಹಲ್ಲಲ್ಲಿ ಕಚ್ಚಿಕೊಂಡು, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದ. ಸಿಗರೇಟು ಬಿಟ್ಟೆ, ಬಾಯಿಗೆ ಏನಾದರೂ ಬೇಕು ಎಂದು ಊರಿಗೆಲ್ಲ ಹೇಳಿಕೊಂಡಿದ್ದ. ನಿಜ ಏನೆಂದರೆ ಮರದ ದನಿ ಕಡ್ಡಿಯಿಂದ ಹಲ್ಲಿಗೆ, ಹಲ್ಲಿನಿಂದ ತಲೆಬುರುಡೆಗೆ ಹೋಗುತ್ತಿತ್ತು.

“ಕಿವಿ ಇದ್ದಾಗ ಅರ್ಧ ದನಿ ಗಾಳಿ ಪಾಲಾಗ್ತಿತ್ತು ಕಣಯ್ಯಾ,” ಎಂದ ಒಂದು ದಿನ ನನಗೆ. “ಈಗ ಪೂರ್ತಿ ನನಗೇ.”

ಕಿವುಡಾಗಿದ್ದಕ್ಕೂ ಜಂಬ ಪಡುವ ಮನುಷ್ಯನಿಗೆ ಏನು ಹೇಳುತ್ತೀರಿ?

ಹೀಗೆ ನಾಲ್ಕು ವರ್ಷ ಕಳೆಯಿತು. ಆಲಿವ್ ಕೊಯ್ಲು ಮುಗಿದ ಹೊತ್ತಿಗೆ ಹಾಜಿ ಮುತ್ಲಕ್ ಬಂದರು. ಊರಾಚೆಯ ಗುಡ್ಡದ ಮೇಲೆ ಅವರದು ದೊಡ್ಡ ಮನೆತನ, ಅವರ ಮಾತಿಗೆ ಇಡೀ ಗುಡ್ಡ ತಲೆಯಾಡಿಸುತ್ತಿತ್ತು. ಪಿಕಪ್ ಗಾಡಿ ಓಡಿಸಿಕೊಂಡು ಬಂದವನು ಹಿರಿಮಗ ಫವ್ವಾಜ್. ಹಾಜಿ ಮಗನ ಭುಜದ ಮೇಲೆ ಕೈ ಇಟ್ಟುಕೊಂಡು ಇಳಿದರು. ನಮ್ಮಲ್ಲಿ ಹಿರಿಯರು ಹಾಗೆ ನಡೆಯುವುದು ಗತ್ತು, ಯಾರೂ ಅದಕ್ಕೆ ಬೇರೆ ಅರ್ಥ ಕಟ್ಟುವುದಿಲ್ಲ. ಅವರ ಮೀಸೆಯೋ, ಎರಡು ತುಟಿಗೂ ಮಾಡು ಹಾಕಿದಂತಿತ್ತು. ಅದನ್ನು ನೋಡಿ ನಾನು ಬೀಜ ಬಿಟ್ಟು ಸಲ್ಲೂಮನ ಅಂಗಳಕ್ಕೆ ಹೋದೆ. ನಸ್ರಾ ಆಗಲೇ ಗಂಡನ ಎದುರು ಬಂದು ನಿಂತಿದ್ದಳು.

“ಹೊಸ ಚಾವಡಿ ಕಟ್ಟಿಸಿದ್ದೀನಿ ಸಲ್ಲೂಮ್,” ಎಂದರು ಹಾಜಿ. “ಹಳೇ ಒರಳು ಸೀಳು ಬಿಟ್ಟಿದೆ. ಹೊಸದು ಕಡೆದುಕೊಡು. ಕಪ್ಪಗಿರಬೇಕು. ಕರಕ್‌ನಲ್ಲಿರೋ ನಮ್ಮ ಬೀಗರ ಮನೆಯದು ಕಾಡಿಗೆ ಥರ ಇದೆಯಂತೆ.”

“ಕಪ್ಪು ಒರಳು ಬೇಕಂತೆ, ಬೀಗರದ್ದು ಕಾಡಿಗೆ ಥರ ಇದೆಯಂತೆ,” ಎಂದಳು ನಸ್ರಾ.

ಫವ್ವಾಜ್ ಗಾಡಿಯಿಂದ ಒಂದು ದಿಮ್ಮಿ ಇಳಿಸಿದ. ಅಮ್ಮಾನಿನಲ್ಲಿ ಕೊಂಡದ್ದು. ಅಪ್ಪಟ ಅಕ್ರೋಟು, ಇದಕ್ಕಿಂತ ಕಪ್ಪು ಮರ ಈ ದೇಶದಲ್ಲೇ ಇಲ್ಲ ಎಂದ. ಹಾಜಿ ಅದರ ಮೇಲೆ ಅಂಗೈ ಆಡಿಸಿ, ಮಗುವಿನ ತಲೆ ಸವರಿದ ಹಾಗೆ ಸವರಿದರು.

ಸಲ್ಲೂಮ್ ದಿಮ್ಮಿಯ ಸುತ್ತ ಒಂದು ಸುತ್ತು ಬಂದ. ಬೆರಳಿಗೆ ಉಗುಳು ಹಚ್ಚಿ ತಿಕ್ಕಿ ನೋಡಿದ. ಏನೂ ಮಾತಾಡದೆ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒಂದು ಕಡೆ ಉಜ್ಜಿದ. ಬಟ್ಟೆ ಕಪ್ಪಾಯಿತು, ದಿಮ್ಮಿ ಬೆಳ್ಳಗಾಯಿತು.

“ಬೆಳ್ಳಗಿರೋದೆಲ್ಲ ಹಾಲಲ್ಲ, ಕಪ್ಪಗಿರೋದೆಲ್ಲ ಅಕ್ರೋಟಲ್ಲ,” ಎಂದ. “ಇದು ಪಾಪ್ಲರ್ ಹಾಜಿ, ಅಗ್ಗದ ಬಿಳಿ ಮರ. ಅಕ್ರೋಟಿನ ಸಿಪ್ಪೆ ಕುದಿಸಿ ಬಳಿದಿದ್ದಾರೆ. ಹೆಣ್ಣು ನೋಡೋಕೆ ಬಂದಾಗ ಸುಣ್ಣ ಹೊಡೀತಾರಲ್ಲ ಗೋಡೆಗೆ, ಹಾಗೆ. ನಿಮ್ಮ ಮಗನಿಗೆ ಯಾರೋ ಮದುವೆ ಮಾಡಿ ಕಳಿಸಿದ್ದಾರೆ.”

ನೆರೆದವರು ಕಿಸಕ್ಕನೆ ನಕ್ಕರು. ಫವ್ವಾಜನ ಕಿವಿ ಕೆಂಪಾಯಿತು. ಹಾಜಿಗೆ ಸಿಟ್ಟು ಬರಬಹುದು ಎಂದು ನಾನು ನೋಡಿದೆ. ಅವರು ಮಾತ್ರ ತಮ್ಮ ಅಂಗೈಯನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತ, “ಬಣ್ಣ ಬಳಿದದ್ದಾ?” ಎಂದು ಎರಡು ಸಲ ಕೇಳಿದರು.

ಆಮೇಲೆ ಸಲ್ಲೂಮ್ ತನ್ನ ದಿಮ್ಮಿಗಳನ್ನು ತೋರಿಸಿದ. ನಿಜವಾದ ಅಕ್ರೋಟು ಒಂದಿತ್ತು, ಒಳಗಿನ ಚೇಗು ಹೊಗೆ ಹಿಡಿದ ಹಾಗೆ ಕಪ್ಪು, ನೋಡಿದರೆ ಕಣ್ಣು ಕೀಳುವಂತಿರಲಿಲ್ಲ. ಫವ್ವಾಜ್ ಅದರ ಮೇಲೆ ಕಾಲಿಟ್ಟು ನಿಂತೇಬಿಟ್ಟ. ಸಲ್ಲೂಮ್ ಕಡ್ಡಿ ಕಚ್ಚಿ ಅದನ್ನು ತಟ್ಟಿ, ತಲೆ ಅಲ್ಲಾಡಿಸಿದ.

“ಚೆಂದದ ಮರ. ಪೆಟ್ಟಿಗೆ ಮಾಡಿಸಿ, ಬಾಗಿಲು ಮಾಡಿಸಿ. ಒರಳಿಗೆ ಆಗಲ್ಲ. ಮೆತ್ತಗಿದೆ, ಐದು ವರ್ಷಕ್ಕೆ ಒನಕೆ ಇದರ ತಳ ತಿನ್ನುತ್ತೆ. ಕಾಫೀಲಿ ಮರದ ಪುಡಿ ಕುಡೀಬೇಕಾಗುತ್ತೆ. ದನಿಯೂ ಅಷ್ಟೇ, ಕಂಬಳಿ ಹೊದ್ದು ಮಾತಾಡಿದ ಹಾಗೆ.”

ಹಿಂದಿನ ಗೋಡೆಗೆ ಒರಗಿಸಿದ್ದ ಇನ್ನೊಂದು ದಿಮ್ಮಿಯನ್ನು ಉರುಳಿಸಿಕೊಂಡು ಬಂದ. ಕಾಡು ಪಿಸ್ತಾ. ಹಿಮ ಬಿದ್ದ ಒಂದು ವರ್ಷ ಬೆಟ್ಟದ ಮೇಲೆ ತಾನಾಗಿಯೇ ಉರುಳಿದ ಮರ, ತುದಿಗಳಿಗೆ ಮೇಣ ಬಳಿದು ನೆರಳಲ್ಲಿ ಹನ್ನೊಂದು ವರ್ಷ ಒಣಗಿಸಿದ್ದ. ಹೊರಗೆ ಬೂದು ಬಣ್ಣ, ಪಕ್ಕದಲ್ಲಿ ಕೈಮುಷ್ಟಿಯಷ್ಟು ಗಂಟು. ನನಗೆ ಕಂಡಂತೆ ಭಿಕ್ಷುಕನ ಹಾಗಿತ್ತು. ಸಲ್ಲೂಮ್ ಉಳಿಯಿಂದ ಒಂದು ಕಡೆ ಕೆತ್ತಿ, ಆಲಿವ್ ಎಣ್ಣೆ ಸವರಿದ. ಒಳಗಿನಿಂದ ಗಾಢ ಕಂದು ಎದ್ದು ಬಂತು, ಅದರೊಳಗೆ ಕೆಂಪು ಗೆರೆ, ಜೊತೆಗೆ ಅಂಟಿನ ಘಮ. ಕಡ್ಡಿ ಕಚ್ಚಿ ತಟ್ಟಿದ. ಅವನ ಮುಖ ನೋಡಬೇಕಿತ್ತು, ಹೊಟ್ಟೆ ತುಂಬ ಊಟ ಮಾಡಿದ ಮಗುವಿನ ಮುಖ.

“ಇವನು ಗಾಯಕ! ಮಧ್ಯದ ತಿರುಳು ಸೀಳಿದೆ, ಆದ್ರೆ ಒರಳಿನ ಹೊಟ್ಟೆ ತೋಡುವಾಗ ಅದು ಹೊರಗೆ ಹೋಗುತ್ತೆ. ಗಂಟನ್ನ ಬುಡಕ್ಕೆ ತರ್ತೀನಿ, ಭಾರ ಕೂರುತ್ತೆ. ಎಣ್ಣೆ ಕುಡೀತಾ ಕುಡೀತಾ ಬಣ್ಣ ಇನ್ನೂ ಗಾಢ ಆಗುತ್ತೆ.” ಇಷ್ಟು ಹೇಳಿ ದಿಮ್ಮಿಯ ಅಳತೆ ತೆಗೆಯಲು ಬಗ್ಗಿದ. ನಸ್ರಾ ಕಾಫಿ ತರಲು ಒಳಗೆ ಹೋಗಿದ್ದಳು.

“ಕಪ್ಪಾಗುತ್ತಾ?” ಎಂದು ಹಾಜಿ ಬಗ್ಗಿದ ಬೆನ್ನನ್ನು ಕೇಳಿದರು.

ಬೆನ್ನು ಏನು ಹೇಳೀತು? ಫವ್ವಾಜನೇ ಹೇಳಿದ, “ಆಗುತ್ತೆ ಅಪ್ಪಾ, ಅಮಾವಾಸ್ಯೆ ಥರ ಆಗುತ್ತೆ.” ಪಾಪ್ಲರ್ ಮರದ ಅವಮಾನ ಬೇಗ ಮುಗಿದರೆ ಸಾಕಾಗಿತ್ತು ಅವನಿಗೆ. ನಾನು ಕೇಳಿಸಿಕೊಂಡೆ, ಬಾಯಿ ಬಿಡಲಿಲ್ಲ. ಅಪ್ಪ ಮಗನ ನಡುವಿನ ಮಾತು, ನನಗೇಕೆ ಎಂದುಕೊಂಡೆ. ಎರಡು ಕಣ್ಣಿದ್ದವರು ನಾಳೆ ತಾವೇ ನೋಡುತ್ತಾರಲ್ಲ ಎಂದೂ ಅಂದುಕೊಂಡೆ.

ಒರಳಿಗೆ ಇಪ್ಪತ್ತು ದಿನ ಹಿಡಿಯಿತು. ಮೋಟಾರು ಊಳಿಟ್ಟಿತು, ನನ್ನ ತಟ್ಟೆಗಳು ಅದುರಿದವು. ಕಾಡು ಪಿಸ್ತಾ ಕಲ್ಲಿನಂಥ ಮರ, ದಿನಕ್ಕೆ ನಾಲ್ಕು ಸಲ ಉಳಿ ಮಸೆಯಬೇಕು. ಹೊಟ್ಟೆ ತೋಡುವಾಗ ಅವನು ಒಂದು ಕೈಯನ್ನು ಹೊರಗೋಡೆಗೆ ಒತ್ತಿ ಹಿಡಿದಿರುತ್ತಿದ್ದ. ದಪ್ಪ ಎಷ್ಟು ಉಳಿಯಿತೆಂದು ಅಂಗೈಗೇ ಗೊತ್ತಾಗುತ್ತದಂತೆ. ನಡುವಿಗೆ ಮೂರು ಬಳೆ ಕಡೆದ, ಬುಡ ಅಗಲ ಮಾಡಿದ, ಒನಕೆಯನ್ನೂ ಅದೇ ದಿಮ್ಮಿಯಿಂದ ತೆಗೆದ. ಬೇರೆ ಮರದ ಒನಕೆ ಹಾಕಿದರೆ ಗಂಡ ಒಂದು ಊರು, ಹೆಂಡತಿ ಒಂದು ಊರು ಆದ ಹಾಗೆ ಎನ್ನುತ್ತಿದ್ದ. ಕೊನೆಗೆ ನನ್ನ ಅಂಗಡಿಯ ಕಾಫಿ ಗಸಿ ಮತ್ತು ಎಣ್ಣೆ ಕಲಸಿ ಒಂದು ವಾರ ಉಜ್ಜಿದ. ಮುಗಿದಾಗ ಅದು ಒಳ್ಳೆ ಹಣ್ಣು ಖರ್ಜೂರದ ಬಣ್ಣಕ್ಕೆ ಬಂದಿತ್ತು. ನಾನು ಅವನನ್ನು ಯಾವತ್ತೂ ಹೊಗಳಿದವನಲ್ಲ, ಅವತ್ತು ಸುಮ್ಮನೆ ಮುಟ್ಟಿ ಮುಟ್ಟಿ ನೋಡಿದೆ.

ಒರಳನ್ನು ಶುಕ್ರವಾರ ನಮಾಜಿನ ನಂತರ ಹೊಸ ಚಾವಡಿಯಲ್ಲಿ ಮೊದಲ ಸಲ ಕುಟ್ಟುವುದೆಂದಾಯಿತು. ಅಲ್ಲಿಂದ ಎದುರು ಗುಡ್ಡಕ್ಕೆ ಕೇಳಿ ಜನ ಹತ್ತಿ ಬಂದರೆ ಒರಳು ಅವರದು, ಬಾರದಿದ್ದರೆ ಸಲ್ಲೂಮ್ ವಾಪಸು ಹೊತ್ತುಕೊಂಡು ಹೋಗಬೇಕು. ಇದು ಸಲ್ಲೂಮನೇ ಹಾಕಿಕೊಂಡ ಷರತ್ತು. ಗಂಡಸರ ಚಾವಡಿ, ನಸ್ರಾ ಬರುವಂತಿರಲಿಲ್ಲ. ಹೊರಡುವಾಗ ಅವಳು ನನ್ನ ಕೈಗೆ ಥೈಮ್ ಸೊಪ್ಪಿನ ಪುಡಿ ಹಚ್ಚಿದ ಬಿಸಿ ರೊಟ್ಟಿ ಇಟ್ಟು, “ಅಣ್ಣಾ, ಇವತ್ತು ನೀವೇ ಗಿಣಿ” ಎಂದಳು. ನಕ್ಕಳು, ಆದರೆ ಕಣ್ಣು ತುಂಬಿತ್ತು.

ಚಾವಡಿಯಲ್ಲಿ ಇಪ್ಪತ್ತು ಮಂದಿ ಗಂಡಸರು ಗೋಡೆಗೊರಗಿ ಕುಳಿತಿದ್ದರು. ನಾನು ಸಲ್ಲೂಮನಿಗೆ ಎದುರಾಗಿ, ನನ್ನ ತುಟಿ ಕಾಣುವ ಹಾಗೆ ಕುಳಿತೆ. ಆ ಮನೆಯಲ್ಲಿ ಕಾಫಿ ಕುಟ್ಟುವವನು ಆಯಿದ್, ಕಟ್ಟುಮಸ್ತಾದ ಆಳು. ಹುರಿದ ಬೀಜ, ಏಲಕ್ಕಿ ಒರಳಿಗೆ ಹಾಕಿ ಒನಕೆ ಎತ್ತಿದ.

ಆ ದನಿಯನ್ನು ನಾನು ಹೇಗೆ ಹೇಳಲಿ? ತಳಕ್ಕೆ ಬಿದ್ದಾಗ ನೆಲ ಮಾತಾಡಿದ ಹಾಗೆ, ಅಂಚಿಗೆ ತಾಗಿದಾಗ ಕಂಚು. ನನ್ನ ಮೈಯೆಲ್ಲ ಜುಮ್ಮೆಂದಿತು. ಸಲ್ಲೂಮ್ ಮಾತ್ರ ಚಪ್ಪಲಿ ಬಿಟ್ಟ ಪಾದವನ್ನು ನೆಲಕ್ಕೊತ್ತಿ, ಅಂಗಳದ ದಾಳಿಂಬೆ ಗಿಡ ನೋಡುತ್ತ ಕುಳಿತಿದ್ದ. ಮೊದಲ ಸುತ್ತಿನ ಕಾಫಿ ಮುಗಿಯುವ ಮೊದಲೇ ಬಾಗಿಲಲ್ಲಿ ಏದುಸಿರು ಕೇಳಿಸಿತು. ಎದುರು ಗುಡ್ಡದಿಂದ ಮೂವರು ಹತ್ತಿ ಬಂದಿದ್ದರು. ಅವರ ಹಿಂದೆ ಇನ್ನೂ ಐದು ಮಂದಿ.

ಹಾಜಿಗೆ ಹಿಡಿಸಲಾರದಷ್ಟು ಸಂತೋಷ. “ನೋಡಿ, ನೋಡಿ! ಬಣ್ಣ ನೋಡಿ! ಕರಕ್‌ನವರದ್ದಕ್ಕಿಂತ ಕಪ್ಪು, ಅಲ್ವಾ?”

ಒರಳು ಎಲ್ಲರ ಕಣ್ಣೆದುರೇ ಇತ್ತು. ಆದರೆ ಒಬ್ಬರ ಬಟ್ಟಲು ಕೈಯಲ್ಲಿ ಹಿಡಿದು, ಅವರ ಚಾವಡಿಯಲ್ಲೇ ಅವರ ಮಾತು ತಪ್ಪು ಎನ್ನುವ ರೂಢಿ ನಮ್ಮಲ್ಲಿಲ್ಲ. “ಕಪ್ಪು ಹಾಜಿ,” ಎಂದ ಒಬ್ಬ. “ದೇವರಾಣೆಗೂ ಕಪ್ಪು,” ಎಂದ ಮತ್ತೊಬ್ಬ. ಸರದಿ ನನ್ನವರೆಗೆ ಬಂತು. ನಾನೂ, “ಕಪ್ಪೇ ಹಾಜಿ” ಎಂದೆ. ಸಲ್ಲೂಮನಿಗೆ ಮಾತ್ರ ಈ ಮಾತನ್ನು ನಾನು ತುಟಿಯಾಡಿಸಿ ದಾಟಿಸಲಿಲ್ಲ. ತಲೆ ತಗ್ಗಿಸಿ ಬಟ್ಟಲು ನೋಡಿಕೊಂಡೆ.

ಹಾಜಿ ಎದ್ದು ಬಂದರು. ಕೈ ಚಾಚಿ ಸಲ್ಲೂಮನ ತಲೆ ಹಿಡಿದು, ಅವನ ಬಲಗಿವಿಯ ಮೇಲೆ ಮುತ್ತು ಕೊಟ್ಟರು. “ಈ ಕಿವಿ! ಈ ಕಿವಿ ಇಲ್ಲದಿದ್ರೆ ನನ್ನ ಚಾವಡಿ ಮೂಗ ಆಗ್ತಿತ್ತು. ಇಂಥ ಕಿವಿ ಈ ದೇಶದಲ್ಲಿ ಇನ್ನೊಂದಿಲ್ಲ!”

ಸಲ್ಲೂಮ್ ನನ್ನ ಕಡೆ ನೋಡಿದ. ನಾನು ತುಟಿಯಲ್ಲೇ ಹೇಳಿದೆ, “ಕಿವೀನ ಹೊಗಳ್ತಿದ್ದಾರೆ. ಸುಮ್ನೆ ನಗು.”

ಅವನು ನಗಲಿಲ್ಲ. ಅವನ ಮುಖ ಗಂಟಾಯಿತು. ಇಪ್ಪತ್ತೆಂಟು ವರ್ಷದಿಂದ ಬಲ್ಲೆ ಆ ಮುಖವನ್ನು. ತನ್ನ ಕೆಲಸದ ಹೊಗಳಿಕೆ ಬೇರೆಯವರ ಪಾಲಾದಾಗ ಬರುವ ಮುಖ ಅದು. ಎದ್ದು ನಿಂತೇಬಿಟ್ಟ.

“ಹಾಜಿ, ತಪ್ಪು ಜಾಗಕ್ಕೆ ಮುತ್ತು ಕೊಟ್ರಿ. ಆ ಕಿವಿ ಸತ್ತು ನಾಲ್ಕು ವರ್ಷ ಆಯ್ತು. ಅದರ ಅಣ್ಣ ಅದಕ್ಕೂ ಮುಂಚೆ ಸತ್ತ. ಈ ಮರ ಆರಿಸಿದ್ದು ನನ್ನ ಹಲ್ಲು, ಕಡೆದದ್ದು ನನ್ನ ಅಂಗೈ. ಹೊಗಳೋದಾದ್ರೆ ಅವನ್ನ ಹೊಗಳಿ. ಸತ್ತವರಿಗೆ ಯಾಕೆ ಕೊಡ್ತೀರಾ?”

ಅಷ್ಟಕ್ಕೇ ಬಿಟ್ಟನೇ? ಇಲ್ಲ.

“ನಾಲ್ಕು ವರ್ಷದಲ್ಲಿ ನಾನು ಕಡೆದ ಒರಳು ಇಲ್ಲಿ ಕೂತಿರೋರಲ್ಲೇ ಮೂವರ ಮನೇಲಿದೆ. ಯಾರ ಒರಳು ಹಾಡ್ತಿಲ್ಲವೋ ಕೈ ಎತ್ತಿ.”

ಮೂಲೆಯಲ್ಲಿ ಕುಳಿತಿದ್ದ ಒಬ್ಬನ ಕೈ ಮೇಲೆದ್ದಿತು, ಎಲ್ಲರೂ ನೋಡಿದ ಕೂಡಲೇ ಗಡ್ಡ ಕೆರೆದುಕೊಂಡು ಕೆಳಗಿಳಿಯಿತು.

ಫವ್ವಾಜ್ ಮುಂದೆ ಬಂದ. ಪಾಪ್ಲರ್ ಮರದ ಸೇಡು ಅವನ ನಾಲಿಗೆಯ ತುದಿಯಲ್ಲೇ ಇತ್ತು. “ಕಿವುಡನ ಕೈಲಿ ಒರಳು ಮಾಡಿಸಿದ್ವಾ? ಕರಕ್‌ನವರಿಗೆ ಗೊತ್ತಾದ್ರೆ ಮುಖ ಎಲ್ಲಿಡೋಣ? ಆಯಿದ್, ಎತ್ತಿ ಗಾಡಿಗೆ ಹಾಕೋ ಅದನ್ನ!”

ಇದು ನಾಳೆ ಬೆಳಗಾಗುವುದರೊಳಗೆ ಊರೆಲ್ಲ ಹಬ್ಬುತ್ತದೆ, ನಸ್ರಾ ನಾಲ್ಕು ವರ್ಷ ಕಟ್ಟಿ ಕಾದದ್ದೆಲ್ಲ ಮಣ್ಣುಪಾಲು ಎಂದುಕೊಂಡೆ. ಈ ಮನುಷ್ಯನ ಜಂಬಕ್ಕೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಬೈದೆ.

ಹಾಜಿ ಕೈ ಎತ್ತಿ ಮಗನನ್ನು ತಡೆದರು. ಸಲ್ಲೂಮನ ಹೆಗಲು ಬಳಸಿ, ಮೀಸೆಯನ್ನು ಅವನ ಕಿವಿಗೆ ತಾಗಿಸಿ, ಬಹಳ ಮೆಲ್ಲಗೆ ಏನೋ ಹೇಳಿದರು. ನನಗೂ ಕೇಳಿಸಲಿಲ್ಲ, ದಾಟಿಸುವುದು ಹೇಗೆ?

“ಏನು ಹಾಜಿ?” ಎಂದ ಸಲ್ಲೂಮ್. “ಮೀಸೆ ಚುಚ್ಚುತ್ತೆ, ಮಾತು ತಾಗಲ್ಲ.”

ಹಾಜಿ ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದರು. ಸಲ್ಲೂಮ್ ತಲೆ ಅಲ್ಲಾಡಿಸಿದ. ಹಾಜಿಗೆ ತಾಳ್ಮೆ ತಪ್ಪಿತು. ಗುಡ್ಡದಿಂದ ಕುರಿ ಕರೆಯುವ ದನಿಯಲ್ಲಿ ಕೂಗಿದರು:

“ನನಗೂ ಕಣ್ಣು ಕಾಣಿಸಲ್ಲ ಅಂದೆ! ಎರಡು ವರ್ಷ ಆಯ್ತು!”

ಚಾವಡಿಗೆ ಕೇಳಿಸಿತು, ಬಾಗಿಲಲ್ಲಿ ನಿಂತಿದ್ದ ಎದುರು ಗುಡ್ಡದವರಿಗೆ ಕೇಳಿಸಿತು, ದಾಳಿಂಬೆ ಗಿಡದಿಂದ ಗುಬ್ಬಿಗಳು ಎದ್ದವು. ಸಲ್ಲೂಮನಿಗೂ ಏನೋ ತಾಗಿರಬೇಕು. ನನ್ನ ಕಡೆ ತಿರುಗಿದ. ನಾನು ಕಣ್ಣು ಮುಟ್ಟಿಕೊಂಡು ಕೈ ಆಡಿಸಿ ತೋರಿಸಿದೆ.

“ಇದನ್ನ ನಿನಗೊಬ್ಬನಿಗೇ ಹೇಳೋಣ ಅಂತಿದ್ದೆ ಮಾರಾಯ,” ಎಂದರು ಹಾಜಿ, ಮಾಮೂಲು ದನಿಯಲ್ಲಿ. ಬಾಗಿಲಲ್ಲಿದ್ದ ಒಬ್ಬ ತಡೆಯಲಾರದೆ ನಕ್ಕ. ಹಾಜಿಯೂ ನಕ್ಕರು. ಫವ್ವಾಜ್ ಒಬ್ಬನೇ ನಗಲಿಲ್ಲ. ಅಪ್ಪನ ಕೈ ತನ್ನ ಭುಜದ ಮೇಲೆ ಏಕಿರುತ್ತಿತ್ತೆಂದು ಅವನಿಗೆ ಅದಾಗಲೇ ಗೊತ್ತಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು.

“ಒರಳು ಎಲ್ಲಿಗೂ ಹೋಗಲ್ಲ ಫವ್ವಾಜ್. ಗುಡ್ಡದವರು ಹತ್ತಿ ಬಂದಿದ್ದಾರೆ, ಷರತ್ತು ಮುಗೀತು. ಹಲ್ಲಿನಿಂದ ಆರಿಸಿದ್ದನ್ನ ಕಿವಿಯಿಂದ ಆರಿಸಿದ್ದು ಅಂತ ತಿಳಿದದ್ದು ನನ್ನ ತಪ್ಪು.” ಆಮೇಲೆ ಸಲ್ಲೂಮನತ್ತ ಮುಖ ಮಾಡಿ ಮತ್ತೆ ಕೂಗಿದರು, “ನಾನು ಕೇಳಿದ ಬಣ್ಣಾನೂ ತಂದೆಯಂತಲ್ಲ! ಕಪ್ಪು ಚೆನ್ನಾಗಿ ಬಂದಿದೆ ಅಂತಾರೆ!”

ಇದನ್ನು ನಾನು ದಾಟಿಸಲೇಬೇಕಾಯಿತು. ಎಲ್ಲರೂ ನನ್ನ ತುಟಿಯನ್ನೇ ನೋಡುತ್ತಿದ್ದರು.

“ಯಾವ ಕಪ್ಪು?” ಎಂದ ಸಲ್ಲೂಮ್.

ಬಗ್ಗಿ ಒರಳಿನ ಮೇಲೆ ಅಂಗೈ ಇಟ್ಟ.

“ಇದು ಕಪ್ಪಲ್ಲ ಹಾಜಿ. ಹಣ್ಣು ಖರ್ಜೂರದ ಬಣ್ಣ. ಬೆಳಕಿಗೆ ತಿರುಗಿಸಿದ್ರೆ ಒಳಗೆ ಕೆಂಪು ಓಡುತ್ತೆ. ಕಪ್ಪು ಅಂತ ನಾನು ಯಾವತ್ತೂ ಹೇಳಿಲ್ಲ. ಯಾರಂದ್ರು?”

ಹಾಜಿ ಬಗ್ಗಿ, ತಡಕಿ, ಒರಳಿನ ಅಂಚನ್ನು ಹಿಡಿದುಕೊಂಡರು. “ಎಲ್ಲರೂ,” ಎಂದರು. ಆ ದನಿಯಲ್ಲಿ ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಎರಡು ವರ್ಷದಲ್ಲಿ ತಾನು ಕೊಂಡ ಕುರಿ, ತೊಟ್ಟ ಬಟ್ಟೆ, ಕಟ್ಟಿಸಿದ ಗೋಡೆ ಎಲ್ಲದರ ಬಣ್ಣವನ್ನೂ ಆ ಮುದುಕ ನಿಂತಲ್ಲೇ ಮತ್ತೆ ಕೇಳಿಕೊಳ್ಳುತ್ತಿದ್ದ ಹಾಗಿತ್ತು. ಮುಖ ತಿರುಗಿಸಿ ಮಗನನ್ನು ಹುಡುಕಿದರು. ಫವ್ವಾಜ್ ಇನ್ನೊಂದು ಕಡೆ ನಿಂತಿದ್ದ.

“ಅಬೂ ಸುಹೈಲ್ ಇದ್ದಾನಾ?”

“ಇದ್ದೀನಿ ಹಾಜಿ.”

“ನೀನು ಬೀಜದ ಬಣ್ಣ ನೋಡಿ ಬದುಕೋನು. ನೀನೂ ಕಪ್ಪು ಅಂದೆ.”

“ಅಂದೆ ಹಾಜಿ.”

“ಈಗ ಹೇಳು.”

“ಕಂದು,” ಎಂದೆ ಮೆಲ್ಲಗೆ.

“ಜೋರಾಗಿ ಹೇಳು. ನಿನ್ನ ಗೆಳೆಯನಿಗೂ ಕೇಳಿಸಲಿ.”

“ಕಂದು!” ಎಂದು ಕೂಗಿದೆ. ಐವತ್ತಾರು ವರ್ಷದ ಬಾಳಿನಲ್ಲಿ ನನಗೆ ಅಷ್ಟು ನಾಚಿಕೆ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ.